ಜೂನ್ 5ರ ಸಸಿ, ಏಪ್ರಿಲ್‌ನ ನೀರು

ವಿಶ್ವ ಪರಿಸರ ದಿನವಾದ ಜೂನ್ 5 ಬಂದರೆ ಕಲಬುರಗಿ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಗುಂಡಿ ತೋಡುವುದು, ಸಸಿ ನೆಡುವುದು, ಮಕ್ಕಳನ್ನು ಸುತ್ತ ನಿಲ್ಲಿಸಿ ಫೋಟೊ ತೆಗೆಯುವುದು ತಪ್ಪುವುದಿಲ್ಲ. ನೆಟ್ಟದ್ದರಲ್ಲಿ ಮರುವರ್ಷದ ಮೇ ಕೊನೆಗೆ ಎಷ್ಟು ಉಳಿದವು ಎಂದು ಎಣಿಸಿ ಬರೆದಿಡುವ ರೂಢಿ ಮಾತ್ರ ಇನ್ನೂ ಬೇರೂರಿಲ್ಲ. ಪ್ರಾಥಮಿಕ ಶಾಲೆಯ ಮಕ್ಕಳು ಪರಿಸರಕ್ಕಾಗಿ ಏನು ಮಾಡಬಲ್ಲರು, ಅವರಿಂದ ಏನನ್ನು ಕೇಳಬಾರದು ಎಂಬ ಚರ್ಚೆಯನ್ನೆಲ್ಲ ಈ ಎಣಿಕೆಯಿಂದ ಶುರುಮಾಡುವುದು ಒಳ್ಳೆಯದು. ಒಂದು ದಿನದ ಆಚರಣೆಯಿಂದ ಮಗು ಕಲಿಯುವುದು ಸ್ವಲ್ಪ. ದಿನಾ ಹತ್ತು ನಿಮಿಷದ ಕೆಲಸದಿಂದ ಕಲಿಯುವುದು ಬಹಳ. ಆಳಂದ, ಅಫಜಲಪುರ, ಜೇವರ್ಗಿಯಂಥ ಬಿಸಿಲುಸೀಮೆಯಲ್ಲಂತೂ ದಿನದ ಆರೈಕೆಯಿಲ್ಲದೆ ಶಾಲೆಯಂಗಳದ ಒಂದು ಗಿಡವೂ ಮರವಾಗುವುದಿಲ್ಲ.

ಈ ಬಿಸಿಲುಸೀಮೆಯ ನಡುವೆಯೇ, ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ಸೊನ್ನ ಬ್ಯಾರೇಜು ಇದೆ. ಮೂರು ಟಿಎಂಸಿ ಅಡಿಗಿಂತ ತುಸು ಹೆಚ್ಚು ನೀರು ನಿಲ್ಲಿಸಿ, ಬಳುಂಡಗಿ ಮತ್ತು ಅಳ್ಳಗಿ ಏತ ನೀರಾವರಿಯ ಮೂಲಕ ಹೊಲಗಳಿಗೆ ಹರಿಸುವುದು ಅದರ ಉದ್ದೇಶ. ಈ ಸೀಮೆಯ ಮಕ್ಕಳಿಗೆ ಪರಿಸರವೆಂಬುದು ಪುಸ್ತಕದ ಪಾಠವಾಗಿ ಬರುವ ಮೊದಲೇ ಬದುಕಾಗಿ ಬಂದಿರುತ್ತದೆ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಜಲಾಶಯಗಳಿಂದ ಬಿಟ್ಟ ನೀರು ಸೊನ್ನ ಬ್ಯಾರೇಜು ದಾಟಿ ಬಂದಾಗ ಭೀಮಾ ತೀರದ ಹಳ್ಳಿಗಳು ಮುಳುಗಿದವು. ಎಷ್ಟೋ ಶಾಲೆಗಳು ಕಾಳಜಿ ಕೇಂದ್ರಗಳಾದವು. 2023ರ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದ ಮೇಲೆ, 2024ರ ಬೇಸಿಗೆಯಲ್ಲಿ ಅದೇ ಭೀಮೆ ಬತ್ತಿತು. ನದಿಗೆ ನೀರು ಬಿಡಿಸಿರೆಂದು ಅಫಜಲಪುರದಲ್ಲಿ ಉಪವಾಸ ಸತ್ಯಾಗ್ರಹವೇ ನಡೆಯಿತು. 2025ರ ಸೆಪ್ಟೆಂಬರ್ ಕೊನೆಗೆ ಮತ್ತೆ ಮಹಾಪೂರ. ಇಂದು ಐದನೇ ಇಯತ್ತೆಯಲ್ಲಿ ಕೂತಿರುವ ಮಗು ತನ್ನ ಹತ್ತು ವರ್ಷದ ಬಾಳಿನಲ್ಲಿ ಎರಡು ಪ್ರವಾಹ, ಒಂದು ಬರ ಕಂಡಿದೆ. ಇಷ್ಟನ್ನು ಕಂಡ ಮಗುವಿಗೆ ‘ಗಿಡ ನೆಡಿ, ಪರಿಸರ ಉಳಿಸಿ’ ಎಂಬ ಘೋಷಣೆ ಬರೆಸಿ ಕಳಿಸಿದರೆ ಸಾಲದು.

ಶಾಲೆಗೂ ನೆಲಕ್ಕೂ ನಂಟು ಬೆಸೆಯುವ ಯತ್ನ ನಮ್ಮಲ್ಲಿ ಹೊಸದಲ್ಲ. 1928ರ ಮಳೆಗಾಲದಲ್ಲಿ ರವೀಂದ್ರನಾಥ ಟ್ಯಾಗೋರರು ಶಾಂತಿನಿಕೇತನದಲ್ಲಿ ವೃಕ್ಷಾರೋಪಣವನ್ನು ಹಬ್ಬವಾಗಿಸಿದರು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್ ಕೈಕೆಲಸವನ್ನೇ ಕಲಿಕೆಯ ನಡುವೆ ತಂದು ಕೂರಿಸಿತು. ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು. 2001ರ ಹೊತ್ತಿಗೆ ರಾಷ್ಟ್ರೀಯ ಹಸಿರು ಪಡೆಯ ಹೆಸರಿನಲ್ಲಿ ಶಾಲೆಗಳಿಗೆ ಇಕೋ ಕ್ಲಬ್‌ಗಳು ಬಂದವು. ಕರ್ನಾಟಕದ ಮಟ್ಟಿಗೆ ಅರಣ್ಯ ಇಲಾಖೆಯ ‘ಮಗುವಿಗೊಂದು ಮರ, ಶಾಲೆಗೊಂದು ವನ’, ‘ಚಿಣ್ಣರ ವನದರ್ಶನ’, ಮಾಲಿನ್ಯ ನಿಯಂತ್ರಣ ಮಂಡಳಿಯ ‘ಪರಿಸರ ಮಿತ್ರ ಶಾಲೆ’ ಪ್ರಶಸ್ತಿ, ಬೀಜದುಂಡೆ ಅಭಿಯಾನ ಹೀಗೆ ಸಾಲು ಸಾಲು. 2024ರ ಜೂನ್ 5ರಂದು ತಾಯಿಯ ಹೆಸರಿನಲ್ಲಿ ಒಂದು ಗಿಡ ನೆಡುವ ರಾಷ್ಟ್ರೀಯ ಅಭಿಯಾನವೂ ಶುರುವಾಯಿತು. ಯೋಜನೆಗಳಿಗೆ ನಮ್ಮಲ್ಲಿ ಬರವಿಲ್ಲ. ಒಂದು ಯೋಜನೆ ಬೇರು ಬಿಡುವ ಮೊದಲೇ ಇನ್ನೊಂದು ಬರುವುದು, ಎಲ್ಲವೂ ನೆಟ್ಟ ಲೆಕ್ಕವನ್ನೇ ಹೆಚ್ಚಾಗಿ ಕೇಳುವುದು ಇವುಗಳ ಸಮಾನ ದೋಷ.

ನಮ್ಮ ನೆಲಕ್ಕೆ ಜೂನ್ 5 ಎಂಬ ದಿನಾಂಕವೂ ಅಷ್ಟಾಗಿ ಹೊಂದುವುದಿಲ್ಲ. ವಿಶ್ವ ಪರಿಸರ ದಿನ 1972ರ ಸ್ಟಾಕ್‌ಹೋಮ್ ಸಮ್ಮೇಳನದ ನೆನಪಿಗೆ ಗೊತ್ತುಮಾಡಿದ್ದು. ಅದಕ್ಕೂ ನಮ್ಮ ಮಳೆಗೂ ಸಂಬಂಧವಿಲ್ಲ. ಕಲಬುರಗಿಯಲ್ಲಿ ಜೂನ್ ಮೊದಲ ವಾರ ಎಂದರೆ ಮಿರಗದ ಮಳೆಗೆ ಆಕಾಶ ನೋಡುವ ಕಾಲ. ಬಿದ್ದರೆ ಬಿತ್ತು, ಇಲ್ಲದಿದ್ದರೆ ಹದಿನೈದು ದಿನ ಬಿಸಿಲೇ. ತೊಗರಿ ಬಿತ್ತುವ ರೈತ ಒಂದೆರಡು ಹದವಾದ ಮಳೆ ಬಿದ್ದು ಎರೆ ಭೂಮಿ ಒಳಗಿನತನಕ ತೊಯ್ಯುವವರೆಗೆ ಕಾಯುತ್ತಾನೆ. ಶಾಲೆ ಏಕೆ ಕಾಯಬಾರದು? 1950ರಿಂದ ನಡೆದುಬಂದ ವನಮಹೋತ್ಸವ ಜುಲೈ ಮೊದಲ ವಾರದ್ದು. ನಮ್ಮ ಸೀಮೆಗೆ ಅದೇ ಸರಿಯಾದ ಹೊತ್ತು. ಜೂನ್ 5ರಂದು ಗುಂಡಿ ತೋಡಿ, ತಿಪ್ಪೆಗೊಬ್ಬರ ತುಂಬಿ, ಒಣ ಎಲೆ ಹೊದಿಸಿ ಬಿಡಲಿ. ನೆಡುವುದು ಜುಲೈಗೆ ಇರಲಿ. ಈ ಜಿಲ್ಲೆಗೆ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲೇ ಹೆಚ್ಚು ಮಳೆ. ಜುಲೈಯಲ್ಲಿ ನೆಟ್ಟ ಸಸಿಗೆ ಮುಂದಿನ ಮೂರು ತಿಂಗಳು ಆಕಾಶವೇ ನೀರು ಕೊಡುತ್ತದೆ.

ಎರೆ ಮಣ್ಣಿನ ಗುಣವನ್ನು ಮಕ್ಕಳು ಹೊಲದಲ್ಲಿ ನೋಡಿಯೇ ಬಲ್ಲರು. ತೊಯ್ದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಮಾರ್ಚ್ ದಾಟಿದರೆ ಕೈ ಇಳಿಯುವಷ್ಟು ಅಗಲದ ಬಿರುಕು. ಎಳೆ ಸಸಿಯ ಬುಡದಲ್ಲಿ ಆ ಬಿರುಕು ಬಿಟ್ಟರೆ ಬೇರು ಹರಿಯುತ್ತದೆ, ಬಿಸಿಗಾಳಿ ನೇರ ಬೇರಿಗೇ ತಾಗುತ್ತದೆ. ಮೇಲೆ ಒಂದು ಕೊಡ ನೀರು ಸುರಿದರೂ ಅದು ಬಿರುಕಿನಲ್ಲಿ ಇಳಿದು ಹೋಗುತ್ತದೆಯೇ ಹೊರತು ಬೇರಿಗೆ ದಕ್ಕುವುದಿಲ್ಲ. ಬುಡಕ್ಕೆ ನಾಲ್ಕು ಬೆರಳು ದಪ್ಪ ಒಣ ಎಲೆ, ತೊಗರಿ ಹೊಟ್ಟು, ಕಬ್ಬಿನ ರವದಿ ಯಾವುದಾದರೂ ಹೊದಿಸಿದರೆ ಬಿರುಕು ಕಡಿಮೆ. ಎರಡನೇ ಇಯತ್ತೆಯ ಮಗುವೂ ಮಾಡಬಹುದಾದ ಕೆಲಸ ಇದು. ಹೊದಿಸಿದ ಗಿಡ, ಹೊದಿಸದ ಗಿಡ ಎಂದು ಎರಡು ಸಾಲು ಮಾಡಿ ಬೇಸಿಗೆಯಲ್ಲಿ ನೋಡಿದರೆ ಅಷ್ಟೇ ಒಂದು ಒಳ್ಳೆಯ ವಿಜ್ಞಾನ ಪಾಠ.

ಇನ್ನು ನೀರಿನ ಮಾತು. ಇಡೀ ಪ್ರಶ್ನೆಯ ಗಂಟು ಇರುವುದು ಇಲ್ಲೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಬಿಸಿಯೂಟದ ಹೊತ್ತಿಗೆ ಶಾಲೆಯ ನಳದ ಹತ್ತಿರ ನಿಂತು ನೋಡಿ. ಮಕ್ಕಳು ಕೈ ತೊಳೆಯುತ್ತಾರೆ, ಉಂಡು ತಾಟು ತೊಳೆಯುತ್ತಾರೆ, ಆ ನೀರು ಕಟ್ಟೆಯ ಕೆಳಗೆ ರಾಡಿಯಾಗಿ ನಿಂತು ಸೊಳ್ಳೆ ಸಾಕುತ್ತದೆ. ಒಂದು ಮಗು ಒಂದು ಲೀಟರ್ ಬಳಸಿದರೂ 150 ಮಕ್ಕಳ ಶಾಲೆಯಲ್ಲಿ ದಿನಕ್ಕೆ 150 ಲೀಟರ್. ಗಿಡಕ್ಕೆ ಹತ್ತು ಲೀಟರಿನಂತೆ ಹದಿನೈದು ಗಿಡಗಳಿಗೆ ಸಾಕು. ದಿನ ಬಿಟ್ಟು ದಿನ ಹಾಕಿದರೆ ಮೂವತ್ತಕ್ಕೆ. ಬೇಕಾದದ್ದು ಕಟ್ಟೆಯಿಂದ ಗಿಡದ ಸಾಲಿಗೆ ಒಂದು ಸಣ್ಣ ಕಾಲುವೆ, ನಡುವೆ ಉಸುಕು ಮತ್ತು ಗರಸು ತುಂಬಿದ ಒಂದು ಗುಂಡಿ, ಅನ್ನದ ಅಗುಳು ತಡೆಯಲು ಒಂದು ಜಾಲರಿ. ಜಾಲರಿ ತೆಗೆದು ಕೊಡವುವುದು ಪಾಳಿಯ ಮೇಲೆ ಮಕ್ಕಳ ಕೆಲಸ. ಆ ಜಾಲರಿಯಲ್ಲಿ ಎಷ್ಟು ಅನ್ನ ಸಿಕ್ಕಿತು ಎಂದು ನೋಡುವ ಮಗುವಿಗೆ, ತಾಟಿನಲ್ಲಿ ಅನ್ನ ಬಿಡಬಾರದೆಂದು ಬೇರೆ ಪಾಠ ಮಾಡಬೇಕಾಗಿಲ್ಲ.

ಮಳೆನೀರಿನ ಲೆಕ್ಕವೂ ಹೀಗೆಯೇ. ನೂರು ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿದ್ದರೆ 70,000 ಲೀಟರ್. ಸೋರಿ, ಆವಿಯಾಗಿ ಹೋದದ್ದು ಕಳೆದರೂ 50,000 ಲೀಟರಿಗೆ ಮೋಸವಿಲ್ಲ. ಇದೆಲ್ಲವನ್ನೂ ತೊಟ್ಟಿಯಲ್ಲಿ ಹಿಡಿಯುವುದು ಬಡ ಶಾಲೆಗೆ ಆಗದ ಮಾತು. ಆದರೆ ಚಾವಣಿಯ ಪೈಪನ್ನು ಕೊಳವೆಬಾವಿಯ ಪಕ್ಕದ ಇಂಗುಗುಂಡಿಗೆ ತಿರುಗಿಸುವುದು ಪಂಚಾಯಿತಿಗೆ ದೊಡ್ಡ ಖರ್ಚಲ್ಲ. ಆ ಗುಣಾಕಾರವನ್ನು ಮಾತ್ರ ಐದನೇ ಇಯತ್ತೆಯ ಮಕ್ಕಳೇ ಹಲಗೆಯ ಮೇಲೆ ಮಾಡಲಿ. ತಮ್ಮ ಶಾಲೆಯ ಚಾವಣಿಯನ್ನು ತಾವೇ ಅಳೆದು ಮಾಡುವ ಲೆಕ್ಕ ಪುಸ್ತಕದ ಲೆಕ್ಕಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ.

ಇಷ್ಟಾದರೂ ಏಪ್ರಿಲ್ ಬಂದೇ ಬರುತ್ತದೆ. ಪರೀಕ್ಷೆ ಮುಗಿದು ಶಾಲೆ ಬಾಗಿಲು ಹಾಕುತ್ತದೆ, ಬಿಸಿಯೂಟದ ನೀರೂ ನಿಲ್ಲುತ್ತದೆ, ಉಷ್ಣಾಂಶ 42, 43 ಡಿಗ್ರಿ ಮುಟ್ಟುತ್ತದೆ. ಕಲಬುರಗಿ ವಿಭಾಗದಲ್ಲಿ ಬಿಸಿಲಿಗಾಗಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಗಿಗೆ ಬದಲಿಸುವ ಪದ್ಧತಿಯಿದೆ. ಅಂಥ ಬಿಸಿಲಲ್ಲಿ ಒಂಬತ್ತು ತಿಂಗಳ ಸಸಿ ಏಳು ವಾರ ಒಂಟಿಯಾಗಿ ನಿಲ್ಲಬೇಕು. ಜೂನ್‌ನಿಂದ ಮಾರ್ಚ್‌ವರೆಗಿನ ಮಕ್ಕಳ ಶ್ರಮವೆಲ್ಲ ಮಣ್ಣುಪಾಲಾಗುವುದು ಈ ಏಳು ವಾರದಲ್ಲಿ. ಹಳೆಯ ಗಡಿಗೆ ನೀರಾವರಿ ಇದಕ್ಕೆ ಒಂದು ಉತ್ತರ. ಹೊಳಪು ಹಾಕದ ಮಣ್ಣಿನ ಗಡಿಗೆಯನ್ನು ಸಸಿಯ ಪಕ್ಕ ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಮೇಲೆ ಹಂಚು ಮುಚ್ಚಬೇಕು. ಗಡಿಗೆಯ ಮೈಯಿಂದ ನೀರು ಜಿನುಗಿ ಬೇರಿಗೆ ಸೇರುತ್ತದೆ. ನಾಲ್ಕೈದು ದಿನಕ್ಕೊಮ್ಮೆ ತುಂಬಿದರೆ ನಡೆಯುತ್ತದೆ. ಶಾಲೆಯ ಹತ್ತಿರದ ಓಣಿಯ ಮಕ್ಕಳು ನಾಲ್ಕು ನಾಲ್ಕು ಜನ ಗುಂಪಾಗಿ, ಬಿಸಿಲೇರುವ ಮೊದಲು, ಮನೆಯ ಹಿರಿಯರೊಬ್ಬರ ಜೊತೆ ಬಂದು ಹೋದರೆ ಸಾಕು. ನಡು ಮಧ್ಯಾಹ್ನ ಮಕ್ಕಳನ್ನು ನೀರು ಹೊರಿಸಲು ಕರೆಯುವುದು ಬೇಡ.

ಗುಂಪು ಎಂದದ್ದಕ್ಕೆ ಕಾರಣವಿದೆ. ‘ಒಂದು ಮಗು, ಒಂದು ಗಿಡ’ ಎಂಬ ಸೂತ್ರ ಕೇಳಲು ಚೆಂದ; ಆದರೆ ಈ ತಾಲ್ಲೂಕುಗಳಲ್ಲಿ ಸುಗ್ಗಿ ಮುಗಿದರೆ ಪುಣೆ, ಮುಂಬಯಿ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋಗುವ ಕುಟುಂಬಗಳಿವೆ. ಅಪ್ಪ ಅವ್ವನ ಜೊತೆ ಮಗುವೂ ಹೋಗುತ್ತದೆ. ಆ ಮಗುವಿನ ಹೆಸರಿನ ಗಿಡ ಒಣಗಿ ನಿಂತರೆ ತಿರುಗಿ ಬಂದ ಮಗುವಿಗೆ ಅದು ಎಷ್ಟು ನೋವು! ಎರಡನೇ ಇಯತ್ತೆಯಿಂದ ಏಳರವರೆಗೆ ತರಗತಿಗೊಬ್ಬರಂತೆ ಸೇರಿಸಿ ಗುಂಪು ಕಟ್ಟಿದರೆ ಒಬ್ಬರು ಹೋದರೆ ಇನ್ನೊಬ್ಬರು ನೋಡುತ್ತಾರೆ, ಏಳು ಮುಗಿಸಿ ಹೋಗುವವರು ಚಿಕ್ಕವರಿಗೆ ಒಪ್ಪಿಸಿ ಹೋಗುತ್ತಾರೆ. ‘ಸರ, ನಮ್ ಗಿಡಾ ಚಿಗತಾದ್ರಿ’ ಎಂದು ಓಡಿಬರುವ ಮಗುವಿನ ಮಾತಿನಲ್ಲಿ ‘ನಮ್’ ಎಂಬುದು ಹಾಗೆ ನಿಜವಾಗುತ್ತದೆ.

ಯಾವ ಗಿಡ ಎಂಬುದನ್ನೂ ಹೇಳಿಬಿಡಬೇಕು. ಜಿಲ್ಲೆಯ ಕಾಡು ಬಹುಮಟ್ಟಿಗೆ ಚಿಂಚೋಳಿ ಕಡೆಗೇ ಉಳಿದಿದೆ. ಅಲ್ಲಿ 2011ರಲ್ಲಿ ವನ್ಯಜೀವಿ ಅಭಯಾರಣ್ಯವಾಯಿತು. ಭೀಮಾ ಬಯಲು ಹೆಚ್ಚೂಕಡಿಮೆ ಬೋಳು. ಇಲ್ಲಿ ತಡೆದು ಬಾಳುವವು ಬೇವು, ಹುಣಸೆ, ಹೊಂಗೆ, ಬನ್ನಿ, ಬಾರಿ, ಅತ್ತಿ. ಅಂದಕ್ಕೆಂದು ತರುವ ಪರದೇಶಿ ಗಿಡಗಳಲ್ಲಿ ಹಕ್ಕಿಗೆ ಹಣ್ಣೂ ಇಲ್ಲ, ಮಕ್ಕಳಿಗೆ ನೆರಳೂ ಕಡಿಮೆ. ಬೇಲಿಯಿಲ್ಲದ ಶಾಲೆಯಲ್ಲಿ ಆಡು ಕುರಿಗಳ ಬಾಯಿಂದ ಸಸಿ ಉಳಿಸಲು ಬಳ್ಳಾರಿ ಜಾಲಿಯ ಮುಳ್ಳು ತಂದು ಸುತ್ತ ಒಟ್ಟುವುದು ಹಳೆಯ ಉಪಾಯ, ಅಗ್ಗದ್ದೂ ಹೌದು. ಕಾಯಿ ಬಿಡದ ಟೊಂಗೆ ಮಾತ್ರ ತರಬೇಕು, ದೊಡ್ಡವರೇ ಕಡಿದು ತರಬೇಕು. ಇಲ್ಲವಾದರೆ ಆ ಜಾಲಿಯೇ ಶಾಲೆಯಂಗಳವನ್ನು ಹಿಡಿದುಬಿಡುತ್ತದೆ.

ಕಸದ ವಿಷಯಕ್ಕೆ ಬಂದರೆ, ಶಾಲೆಯ ಕಸ ಎರಡು ಬಗೆ. ಒಂದು ಅಡುಗೆ ಮನೆಯದು. ಬಿಸಿಯೂಟದ ಅಕ್ಷರ ದಾಸೋಹ ಯೋಜನೆ 2002ರ ಜೂನ್‌ನಲ್ಲಿ ಮೊದಲು ಶುರುವಾದದ್ದೇ ಕಲಬುರಗಿ ಸೇರಿದಂತೆ ಉತ್ತರದ ಏಳು ಜಿಲ್ಲೆಗಳಲ್ಲಿ. 2024ರ ಸೆಪ್ಟೆಂಬರಿನಿಂದ ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು. ದಿನಾ ಇಷ್ಟು ಸಿಪ್ಪೆ, ತರಕಾರಿ ತೊಗಟೆ ಬರುವ ಕಡೆ ಗೊಬ್ಬರದ ಗುಂಡಿ ಇಲ್ಲವೆಂದರೆ ಅದು ಕಳೆದುಕೊಂಡ ಸಂಪತ್ತು. ಹಸಿ ಸಿಪ್ಪೆಯ ಮೇಲೆ ಒಣ ಎಲೆ, ಅದರ ಮೇಲೆ ಹೆಂಡಿ ಕದಡಿದ ನೀರು, ವಾರಕ್ಕೊಮ್ಮೆ ತಿರುವಿ ಹಾಕುವುದು. ಮೂರು ತಿಂಗಳಲ್ಲಿ ಕಪ್ಪು ಗೊಬ್ಬರ. ಮೊಟ್ಟೆ ಚಿಪ್ಪನ್ನು ಪುಡಿ ಮಾಡಿ ಅದರಲ್ಲೇ ಬೆರೆಸಿದರೆ ಸಾಕು. ಸುಣ್ಣದಂಶ ಈ ನೆಲದಲ್ಲಿ ಮೊದಲೇ ಇರುವುದರಿಂದ ಗಿಡದ ಬುಡಕ್ಕೆ ಬೇರೆಯಾಗಿ ಹಾಕಬೇಕಿಲ್ಲ. ಆ ಗೊಬ್ಬರ ಕೈತೋಟಕ್ಕೆ ಹೋಗಲಿ. ಪುಂಡಿ ಪಲ್ಯ, ಮೆಂತ್ಯೆ, ಹೀರೆ, ಚವಳಿ, ನುಗ್ಗೆ, ಕರಿಬೇವು ಇವು ಇಲ್ಲಿನ ಊಟದವೇ. ತಾವು ಬೆಳೆದ ಪುಂಡಿಪಲ್ಯ ತಮ್ಮ ತಾಟಿಗೆ ಬಂದ ದಿನ ಮಕ್ಕಳು ಎರಡು ತುತ್ತು ಹೆಚ್ಚೇ ಉಣ್ಣುತ್ತಾರೆ.

ಇನ್ನೊಂದು ಕಸ ಪ್ಲಾಸ್ಟಿಕ್. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಚೀಲ ನಿಷೇಧಿಸಿತು, 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ ತಡೆ ಬಂತು. ಆದರೆ ಶಾಲೆಯ ಅಂಗಳದಲ್ಲಿ ಬಿದ್ದಿರುವುದು ಚಿಪ್ಸಿನ ಪಾಕೀಟು ಮತ್ತು ಗೋಡೆಯಾಚೆಯಿಂದ ಹಾರಿಬರುವ ತಂಬಾಕಿನ ಚೀಟು. ಮಕ್ಕಳು ಆಯ್ದು ತಂದ ಪಾಕೀಟುಗಳನ್ನು ಬಗೆಬಗೆಯಾಗಿ ವಿಂಗಡಿಸಿ, ಎಣಿಸಿ, ಯಾವುದು ಎಷ್ಟು ಎಂದು ಗೋಡೆಯ ಪಟದಲ್ಲಿ ಬರೆಯಲಿ. ತಂಬಾಕಿನ ಚೀಟನ್ನು ದೊಡ್ಡವರೇ ತೆಗೆಯಲಿ, ಅದರ ಲೆಕ್ಕ ಮಾತ್ರ ಪಟಕ್ಕೆ ಬರಲಿ. ಅದನ್ನು ಪಾಲಕರ ಸಭೆಯಲ್ಲಿ ಓದಿ ಹೇಳಿದರೆ ಅಪ್ಪ, ಕಾಕಾಗಳಿಗೆ ತಟ್ಟುವಷ್ಟು ಯಾವ ಭಾಷಣವೂ ತಟ್ಟುವುದಿಲ್ಲ. ಕಸ ಸುಡುವುದನ್ನಂತೂ ಶಾಲೆ ಪೂರ್ತಿ ನಿಲ್ಲಿಸಬೇಕು. ಪ್ಲಾಸ್ಟಿಕ್ ಹೊಗೆ ಮೊದಲು ಹೋಗುವುದು ಮಕ್ಕಳ ಎದೆಗೇ.

ಇವೆಲ್ಲಕ್ಕೂ ವೇಳೆ ಎಲ್ಲಿದೆ ಎಂಬ ಪ್ರಶ್ನೆ ಶಿಕ್ಷಕರದು, ನ್ಯಾಯವಾದದ್ದೇ. ಆದರೆ ಈ ಕೆಲಸ ಪಾಠದ ಹೊರಗಿನದಲ್ಲ. ಪರಿಸರ ಅಧ್ಯಯನ ಎಂಬ ವಿಷಯವೇ ಇದೆ, ತಿಂಗಳಿಗೊಮ್ಮೆ ಬ್ಯಾಗಿಲ್ಲದೆ ಬರುವ ಸಂಭ್ರಮ ಶನಿವಾರವಿದೆ. 2019ರಲ್ಲಿ ಮಕ್ಕಳು ನೀರು ಕುಡಿಯಲೆಂದು ನೀರಿನ ಗಂಟೆ ಬಾರಿಸುವ ಕ್ರಮ ರಾಜ್ಯದ ಶಾಲೆಗಳಿಗೆ ಬಂತು. ಅದೇ ಗಂಟೆಗೆ ಗಿಡಕ್ಕೂ ನೀರು ಎಂದರೆ ಮುಗಿಯಿತು. ಕತ್ತರಿಸಿದ ಬಾಟಲಿಯಲ್ಲಿ ಮಳೆಮಾಪಕ ಮಾಡಿ ದಿನದ ಮಳೆ ಬರೆಯಬಹುದು, ಪಂಚಾಯಿತಿ ಮಟ್ಟದ ಸರ್ಕಾರಿ ಮಳೆಮಾಪಕದ ಅಂಕಿಗೆ ಹೋಲಿಸಬಹುದು. ಮಳೆಗಾಲದಲ್ಲಿ ಸೊನ್ನ ಬ್ಯಾರೇಜಿನಿಂದ ಎಷ್ಟು ಕ್ಯುಸೆಕ್ ಬಿಟ್ಟರು ಎಂಬುದು ಪತ್ರಿಕೆಯಲ್ಲಿ ಬರುತ್ತದೆ. ಅದನ್ನು ಕತ್ತರಿಸಿ ಅಂಟಿಸಿ, ಏರಿಳಿತದ ಗೆರೆ ಎಳೆದ ಮಗುವಿಗೆ ದೊಡ್ಡ ಸಂಖ್ಯೆಯೂ ಬರುತ್ತದೆ, ತನ್ನ ನದಿಯೂ ಅರ್ಥವಾಗುತ್ತದೆ. ಇದಕ್ಕೆ ನದಿಯ ದಂಡೆಗೆ ಹೋಗಬೇಕಾಗಿಲ್ಲ, ಹೋಗಲೂಬಾರದು. 1994ರಲ್ಲಿ ಯುರೋಪಿನಲ್ಲಿ ಶುರುವಾಗಿ ಹಲವು ದೇಶಗಳಿಗೆ ಹಬ್ಬಿದ ಇಕೋ ಸ್ಕೂಲ್ಸ್ ಕಾರ್ಯಕ್ರಮದಿಂದ ನಾವು ಪಡೆಯಬೇಕಾದ ಮಾತೊಂದಿದೆ. ಅಲ್ಲಿ ಮೊದಲ ಹೆಜ್ಜೆ ಮಕ್ಕಳ ಸಮಿತಿ, ಎರಡನೆಯದು ಮಕ್ಕಳೇ ಮಾಡುವ ಶಾಲೆಯ ಸಮೀಕ್ಷೆ. ಗಿಡ ನೆಡುವುದು ಏನಿದ್ದರೂ ಆಮೇಲೆ.

ಈಗ ಎಚ್ಚರದ ಮಾತು. ಜಪಾನಿನಲ್ಲಿ ಮಕ್ಕಳು ತಮ್ಮ ತರಗತಿಯನ್ನು ತಾವೇ ಗುಡಿಸುತ್ತಾರೆ, ಊಟ ಬಡಿಸುತ್ತಾರೆ ಎಂದು ನಾವು ಮೆಚ್ಚಿ ಹೇಳುತ್ತೇವೆ. ಆದರೆ ನಮ್ಮಲ್ಲಿ ಕಸಬರಗಿ ಯಾರ ಕೈಗೆ ಹೋಗುತ್ತದೆ ಎಂಬುದಕ್ಕೆ ಜಾತಿಯ ಚರಿತ್ರೆಯಿದೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಇಡೀ ರಾಜ್ಯವನ್ನು ತಲೆತಗ್ಗಿಸುವಂತೆ ಮಾಡಿತು. ಶೌಚಾಲಯ, ಚರಂಡಿ ಮಕ್ಕಳ ಪರಿಸರ ಕೆಲಸವಲ್ಲ, ಎಂದಿಗೂ ಅಲ್ಲ. ಉಳಿದ ಕೆಲಸದಲ್ಲೂ ಪಾಳಿಯ ಪಟ್ಟಿ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತಿರಬೇಕು. ಗುಡಿಸುವುದು ಹೆಣ್ಣುಮಕ್ಕಳಿಗೆ, ಗುದ್ದಲಿ ಗಂಡುಮಕ್ಕಳಿಗೆ ಎಂಬ ಹಂಚಿಕೆ ಸಲ್ಲದು. ಮಾಸ್ತರರೂ ಬಾಯಿಯವರೂ ಕೈಯಲ್ಲಿ ಪೊರಕೆ ಹಿಡಿದು ಜೊತೆಗೆ ನಿಂತಾಗ ಮಾತ್ರ ಅದು ಶಿಕ್ಷಣ. ನಿಂತು ಆಜ್ಞೆ ಮಾಡಿದರೆ ಅದು ಬಿಟ್ಟಿ ಚಾಕರಿ.

ದೊಡ್ಡವರು ಕೆಡಿಸಿದ್ದನ್ನು ಮಕ್ಕಳ ಹೆಗಲಿಗೆ ಹಾಕುವುದೂ ತಪ್ಪು. ಭೀಮೆಯ ಒಡಲಿನ ಉಸುಕು ರಾತ್ರೋರಾತ್ರಿ ಹೋಗುತ್ತದೆ. 2023ರ ಜೂನ್‌ನಲ್ಲಿ ಜೇವರ್ಗಿ ತಾಲ್ಲೂಕಿನಲ್ಲಿ ಅಕ್ರಮ ಮರಳು ಸಾಗಣೆ ತಡೆಯಲು ನಿಂತ ಹೆಡ್ ಕಾನ್‌ಸ್ಟೆಬಲ್ ಒಬ್ಬರ ಮೇಲೆ ಟ್ರ್ಯಾಕ್ಟರ್ ಹರಿದು ಅವರು ಪ್ರಾಣ ಬಿಟ್ಟರು. ಅಂಥ ಕಡೆ ನದಿ ಉಳಿಸಿ ಎಂಬ ಫಲಕ ಹಿಡಿಸಿ ಮಕ್ಕಳ ಮೆರವಣಿಗೆ ತೆಗೆಯುವುದಕ್ಕೆ ಮೊದಲು, ಕಾನೂನು ಜಾರಿಗೊಳಿಸುವವರು ತಮ್ಮ ಕೆಲಸ ಮಾಡಬೇಕು. ಮಗುವಿನ ಪಾಲು ಅದರ ಕೈಗೆ ಎಟಕುವಷ್ಟು: ಒಂದು ಗಿಡ, ಒಂದು ಗುಂಡಿ, ಒಂದು ನೋಟುಪುಸ್ತಕ.

ಈ ಸೀಮೆಯ ಶಾಲೆಗಳಲ್ಲಿ ಕಾಯಂ ಶಿಕ್ಷಕರ ಕೊರತೆ ಇರುವುದು ಎಲ್ಲರಿಗೂ ಗೊತ್ತು. ಅತಿಥಿ ಶಿಕ್ಷಕರು ವರ್ಷವರ್ಷ ಬದಲಾಗುತ್ತಾರೆ. ಒಬ್ಬ ಉತ್ಸಾಹಿ ಮಾಸ್ತರರ ಬೆನ್ನಿಗೆ ಬೆಳೆದ ತೋಟ ಅವರ ವರ್ಗಾವಣೆಯ ಮರುವರ್ಷ ಒಣಗುವುದು ಹೊಸ ಸುದ್ದಿಯಲ್ಲ. ಆದ್ದರಿಂದ ಹೊಣೆ ವ್ಯಕ್ತಿಯದಾಗದೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯದಾಗಬೇಕು; ಉಳಿದ ಗಿಡಗಳ ಎಣಿಕೆ ಪ್ರತಿ ಮೇ ಕೊನೆಗೆ ಸಮಿತಿಯ ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು. ಪ್ರಶಸ್ತಿ ಕೊಡುವವರೂ ಮೂರು ವರ್ಷದ ಹಿಂದೆ ನೆಟ್ಟದ್ದನ್ನು ನೋಡಿ ಕೊಡಲಿ.

ಕೊನೆಗೆ ಗ್ರಾಮ ಪಂಚಾಯಿತಿಯ ಸದಸ್ಯರಲ್ಲಿ ಒಂದು ಬಿನ್ನಹ. ವರ್ಷಕ್ಕೊಮ್ಮೆ, ಮಕ್ಕಳ ದಿನಾಚರಣೆಯ ಆಸುಪಾಸು, ನಿಮ್ಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯಬೇಕು. ಅಲ್ಲಿ ಮಕ್ಕಳು ಶಾಲೆಗೆ ಬೇಲಿ ಕೇಳಿದರೆ, ಇಂಗುಗುಂಡಿ ಕೇಳಿದರೆ, ಏಪ್ರಿಲ್ ಮತ್ತು ಮೇ ತಿಂಗಳು ಗಿಡಗಳಿಗೆ ನೀರು ಹಾಕಲು ಒಬ್ಬರಿಗೆ ಕೂಲಿ ಕೊಡಿರೆಂದು ಕೇಳಿದರೆ, ಚಪ್ಪಾಳೆ ತಟ್ಟಿ ಕಳಿಸಬೇಡಿ. ಆ ಮೂರನ್ನೂ ಅದೇ ವರ್ಷದ ಕ್ರಿಯಾಯೋಜನೆಯಲ್ಲಿ ಬರೆಸಿ, ಹಣ ಇಟ್ಟು, ಮುಂದಿನ ಸಭೆಯಲ್ಲಿ ಮಕ್ಕಳಿಗೆ ಲೆಕ್ಕ ಒಪ್ಪಿಸಿ.